ರಬ್ಬರ್ ಬುಡ್ಡಿಯಲ್ಲಿ ತುಪ್ಪ ಬಡಿಸಿದ್ದು

ತುಪ್ಪ ಬಡಿಸುವುದರಲ್ಲಿ ತಪ್ಪು ಮಾಡುವುದಕ್ಕೆ ಏನಿದೆ, ನೀವೇ ಹೇಳಿ. ಅನ್ನ ಮುದ್ದೆಯಾಗಬಹುದು, ಸಾರಿಗೆ ಉಪ್ಪು ಬೀಳದೆ ಹೋಗಬಹುದು, ಹಪ್ಪಳ ಸೀದು ಹೋಗಬಹುದು. ತುಪ್ಪ ಮಾತ್ರ ಯಾರು ಬಡಿಸಿದರೂ ತುಪ್ಪವೇ. ಈ ಒಂದು ನಂಬಿಕೆಯ ಮೇಲೆಯೇ ನನ್ನ ಹೆಂಡತಿ ಪದ್ಮಾ ಆ ಭಾನುವಾರದ ಔತಣದಲ್ಲಿ ತುಪ್ಪದ ಖಾತೆಯನ್ನು ನನಗೆ ವಹಿಸಿಕೊಟ್ಟಳು. ಉಳಿದ ಎಲ್ಲ ಖಾತೆಗಳನ್ನೂ ತನ್ನ ಬಳಿಯೇ ಇಟ್ಟುಕೊಂಡಳು.

ಔತಣವೇನೂ ಸಾಮಾನ್ಯದ್ದಲ್ಲ. ನಮ್ಮ ಒಬ್ಬಳೇ ಮಗಳು ನಂದಿನಿ ಅಂಧೇರಿಯ ತನ್ನ ಆಫೀಸಿನಲ್ಲಿ ಜೊತೆಗೆ ಕೆಲಸ ಮಾಡುವ ಅಮೇಯ ಎಂಬ ಮರಾಠಿ ಹುಡುಗನನ್ನು ಮೆಚ್ಚಿದ್ದಳು. ಹುಡುಗ ಚಿನ್ನದಂಥವನು. ನಮ್ಮ ಕಡೆಯಿಂದ ತಕರಾರಿರಲಿಲ್ಲ. ತಕರಾರು ಏನಾದರೂ ಹುಟ್ಟುವುದಿದ್ದರೆ ಅದು ಪರೇಲ್‌ನಲ್ಲಿ ಹುಟ್ಟಬೇಕಿತ್ತು. ಅಲ್ಲಿ ಅಮೇಯನ ತಾಯಿ ಇದ್ದರು. ಎಲ್ಲರೂ ಅವರನ್ನು ಆಯಿ ಎಂದೇ ಕರೆಯುತ್ತಿದ್ದರು. ಮರಾಠಿಯಲ್ಲಿ ಆಯಿ ಎಂದರೆ ಅಮ್ಮ. ಆ ಮನೆಯಲ್ಲಿ ಆಯಿ ಎಂದರೆ ಹೈಕೋರ್ಟು! ಶಾಲೆಯೊಂದರ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಅಮೇಯನ ತಂದೆಗೆ ಮಂಡಿನೋವು, ಅವರು ಬರುತ್ತಿರಲಿಲ್ಲ. ಬಂದಿದ್ದರೂ ತೀರ್ಪು ಆಯಿಯವರದೇ ಆಗಿರುತ್ತಿತ್ತು.

“ಅಪ್ಪಾ, ಆಯಿ ಹಾಂ ಅಂದ್ರೆ ಹಾಂ, ನಹೀ ಅಂದ್ರೆ ಖತಮ್,” ಎಂದು ನಂದಿನಿ ಒಂದು ವಾರ ಮೊದಲೇ ಎಚ್ಚರಿಸಿದ್ದಳು. “ಅಮೇಯ ಅವರ ಮಾತು ಮೀರಲ್ಲ. ಪ್ಲೀಸ್, ನೀನು ಏನೂ ಮಾಡ್ಬೇಡ. ನಾರ್ಮಲ್ ಆಗಿರು, ಬಸ್.”

“ನಾನು ಯಾವತ್ತು ನಾರ್ಮಲ್ ಆಗಿರಲಿಲ್ಲ?” ಎಂದು ಪದ್ಮಾಳ ಕಡೆ ತಿರುಗಿ ಕೇಳಿದೆ. ಅವಳು ಹುರುಳಿಕಾಯಿ ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

ನಾವು ಮೈಸೂರಿನವರು. ಭಾಂಡುಪ್‌ಗೆ ಬಂದು ನೆಲೆಸಿ ತಲೆಗೂದಲು ನೆರೆತರೂ ತುಪ್ಪದ ವಿಷಯದಲ್ಲಿ ನಾವು ಇನ್ನೂ ಮೈಸೂರಿನಲ್ಲೇ ಇದ್ದೇವೆ. ಅನ್ನ, ತೊವ್ವೆ ಬಿದ್ದ ಕೂಡಲೇ ತುಪ್ಪ ಬರಬೇಕು. ಅತಿಥಿ ಸಾಕು ಎಂದರೂ ಒಂದಿಷ್ಟು ಬೀಳಬೇಕು. ಸಾಕು ಎಂದ ಕೂಡಲೇ ನಿಲ್ಲಿಸುವವನು ಬಡಿಸುವವನೇ ಅಲ್ಲ, ಲೆಕ್ಕಿಗ. ನಮ್ಮ ಮನೆಯಲ್ಲಿ ಈ ಕೆಲಸಕ್ಕೆ ಅಮ್ಮನ ಕಾಲದ ಒಂದು ಹಿತ್ತಾಳೆ ಮಿಳ್ಳೆ ಇದೆ. ಅದರದ್ದೊಂದೇ ದೋಷ: ಬಡಿಸಿದ ಮೇಲೆ ಕೊನೆಯ ಹನಿ ಎಲೆಗೆ ಬೀಳದೆ ಮೂತಿಯ ಕೆಳಗೆ ಜಾರಿ, ಮಿಳ್ಳೆಯ ಹೊಟ್ಟೆ ಸುತ್ತಿ, ಮೇಜುಬಟ್ಟೆಯ ಮೇಲೆ ಕೂರುತ್ತದೆ. ಹೈಕೋರ್ಟಿನ ಎದುರು ಮೇಜುಬಟ್ಟೆಯ ಮೇಲೆ ಜಿಡ್ಡಿನ ಕಲೆಯೇ? ಅಪ್ಪನಾಗಿ ನನಗೂ ಒಂದು ಜವಾಬ್ದಾರಿ ಇದೆಯಲ್ಲವೇ?

ಹೀಗೆ ಯೋಚಿಸುತ್ತ ಆಫೀಸಿನಿಂದ ಬರುವಾಗ ಸ್ಟೇಷನ್ನಿನ ಪಕ್ಕದ ಪಾತ್ರೆ ಅಂಗಡಿಯ ಮುಂದೆ ನಿಂತೆ. ಅಲ್ಲಿ ಅದು ಇತ್ತು.

ಮೆತ್ತಗಿನ ರಬ್ಬರಿನ, ಒಂದು ಹದವಾದ ಬದನೆಕಾಯಿಯಷ್ಟು ದಪ್ಪದ, ತುದಿಗೆ ಚೂಪು ಮೂತಿಯಿರುವ ಬುಡ್ಡಿ. ಅಂಗಡಿಯವನು ಅದರಲ್ಲಿ ನೀರು ತುಂಬಿಸಿ ನನ್ನ ಕೈಗೆ ಕೊಟ್ಟ.

“ಅಂಕಲ್, ದಬಾವೋ ತೋ ಆಯೇಗಾ, ಛೋಡೋ ತೋ ಅಂದರ್ ಜಾಯೇಗಾ. ತೇಲ್, ಶಾಂಪೂ, ಶಹದ್, ಕುಛ್ ಭೀ ಭರೋ!”

ಮೆಲ್ಲಗೆ ಒತ್ತಿದೆ. ಮೂತಿಯ ತುದಿಯಲ್ಲಿ ಒಂದೇ ಒಂದು ಹನಿ ಬಂದು ನಿಂತಿತು. ಬೀಳಲೇ, ಬೇಡವೇ ಎಂದು ನನ್ನ ಅಪ್ಪಣೆಗೆ ಕಾಯುವ ಹಾಗೆ ನಿಂತಿತು. ಕೈ ಸಡಿಲಿಸಿದೆ. ಹನಿ ಮರಳಿ ಒಳಗೆ ಹೋಯಿತು! ಇನ್ನೊಮ್ಮೆ ಒತ್ತಿದೆ, ಬಂತು. ಬಿಟ್ಟೆ, ಹೋಯಿತು. ಇಷ್ಟು ವರ್ಷದ ಸಂಸಾರದಲ್ಲಿ, ಇಷ್ಟು ವರ್ಷದ ನೌಕರಿಯಲ್ಲಿ, ನನ್ನ ಮಾತನ್ನು ಇಷ್ಟು ಚಾಚೂ ತಪ್ಪದೆ ಕೇಳಿದ ಒಂದು ವಸ್ತುವನ್ನು ನಾನು ಕಂಡಿರಲಿಲ್ಲ. ಅಂಗಡಿಯ ಮುಂದೆ ನಿಂತು ಎಷ್ಟು ಹೊತ್ತು ಒತ್ತಿದೆನೋ ಗೊತ್ತಿಲ್ಲ. ಕೊನೆಗೆ ಅಂಗಡಿಯವನೇ “ಅಂಕಲ್, ಲೇನಾ ಹೈ ಕ್ಯಾ?” ಎಂದು ಕೇಳಬೇಕಾಯಿತು.

ಮನೆಯಲ್ಲಿ ಚೀಲದಿಂದ ಹೊರತೆಗೆದು ಪದ್ಮಾಳ ಮುಂದೆ ಹಿಡಿದೆ.

“ಏನ್ರೀ ಇದು! ಎನಿಮಾ ಕೊಡೋ ಬುಡ್ಡಿ ಇದ್ದ ಹಾಗಿದೆ!”

“ಛೆ, ಬಿಡ್ತು ಅನ್ನು. ಇದು ತುಪ್ಪ ಬಡಿಸೋಕೆ. ಒಂದು ಹನಿ ಅಂದ್ರೆ ಒಂದೇ ಹನಿ ಬೀಳುತ್ತೆ. ನೋಡ್ತಿರು.”

ಒಲೆಯ ಮೇಲೆ ಅವಳು ಒಗ್ಗರಣೆಗೆ ಎಣ್ಣೆ ಕಾಯಿಸುತ್ತಿದ್ದಳು. ನಾನು ಪಕ್ಕದಲ್ಲಿ ನಿಂತು, ಅಂಗಡಿಯವನು ತುಂಬಿದ್ದರಲ್ಲಿ ಉಳಿದಿದ್ದ ನೀರಿನ ಒಂದು ಹನಿ ತೋರಿಸಲು ಒತ್ತಿದೆ. ಉತ್ಸಾಹದಲ್ಲಿ ಸ್ವಲ್ಪ ಬಿಗಿಯಾಗಿ ಒತ್ತಿದೆನೆಂದು ಕಾಣುತ್ತದೆ. ನೀರು ಬಾಣದಂತೆ ಹೊರಟು ಕಾದ ಎಣ್ಣೆಯಲ್ಲಿ ಬಿತ್ತು. ಚಟಪಟ ಸದ್ದಿಗೆ ಇಬ್ಬರೂ ಅಡುಗೆಮನೆಯಿಂದ ಹೊರಗೆ ಓಡಿದೆವು. ಆಚೆ ನಿಂತು ಏದುಸಿರು ಬಿಡುತ್ತ ನಾನು ಹೇಳಿದೆ:

“ನೋಡಿದ್ಯಾ, ಎಷ್ಟು ದೂರ ಹೋಯ್ತು!”

ಆಮೇಲೆ ಅದಕ್ಕೆ ತುಪ್ಪ ತುಂಬಿಸಬೇಕಾಯಿತು. ಮೂತಿಯ ತೂತು ಸಣ್ಣದು, ಸುರಿಯುವುದು ಹೇಗೆ? ಆಗ ನನಗೊಂದು ಉಪಾಯ ಹೊಳೆಯಿತು. ಬುಡ್ಡಿಯನ್ನು ಅಮುಕಿ ಗಾಳಿ ಹೊರಗೆ ಹಾಕಿ, ಮೂತಿಯನ್ನು ತುಪ್ಪದಲ್ಲಿ ಮುಳುಗಿಸಿ, ಕೈ ಬಿಟ್ಟೆ. ಸುರ್ರ್ ಎಂದು ತಾನಾಗಿಯೇ ಕುಡಿಯಿತು! ಎಂಥ ಸೃಷ್ಟಿ! ಬೆರಗಾಗಿ ಮತ್ತೆ ಅಮುಕಿದೆ, ಬಿಟ್ಟೆ, ಅಮುಕಿದೆ, ಬಿಟ್ಟೆ. ಪದ್ಮಾ ದಿನವೂ ಕೆನೆ ಕೂಡಿಸಿಟ್ಟು, ಕಡೆದು, ಘಮಘಮಿಸುವ ಹಾಗೆ ಕಾಯಿಸಿದ್ದ ತುಪ್ಪವಷ್ಟೂ ಬುಡ್ಡಿಯ ಹೊಟ್ಟೆ ಸೇರಿತು. ಇರುವೆ ಬರಬಾರದೆಂದು ಭದ್ರವಾಗಿ ಫ್ರಿಜ್ಜಿನಲ್ಲಿಟ್ಟೆ. ನನ್ನ ಮುಂದಾಲೋಚನೆಯನ್ನು ನಾನೇ ಮೆಚ್ಚಿಕೊಂಡೆ.

ಭಾನುವಾರ ಬೆಳಿಗ್ಗೆ ತೆಗೆದು ನೋಡಿದರೆ ಅದು ಕಲ್ಲಾಗಿತ್ತು.

ಬಿಸಿನೀರಿನ ಪಾತ್ರೆಯಲ್ಲಿ ಕೂರಿಸಿದೆ. ಹೊಟ್ಟೆ ಕರಗಿತು, ಮೂತಿ ಕರಗಲಿಲ್ಲ. ಪಿನ್ನು ಚುಚ್ಚಿದೆ. ಪಿನ್ನು ಸಿಕ್ಕಿಕೊಂಡಿತು. ಇಕ್ಕಳ ಹಾಕಿ ಪಿನ್ನು ಕಿತ್ತೆ. ಬಾಗಿಲಲ್ಲಿ ಕೂತು ಎರಡು ಕೈಯಲ್ಲೂ ಹಿಡಿದು ಹಿಂಡುತ್ತಿದ್ದಾಗ ಪಕ್ಕದ ಫ್ಲ್ಯಾಟಿನ ಶೆಟ್ಟರು ಹಾಲು ತರಲು ಹೊರಟವರು ನಿಂತರು. ಉಡುಪಿ ಕಡೆಯವರು, ಅಂಧೇರಿಯಲ್ಲಿ ಹೋಟೆಲು ಇಟ್ಟುಕೊಂಡವರು.

“ಎಂತ ರಾಯರೇ, ಬೆಳಿಗ್ಗೆ ಬೆಳಿಗ್ಗೆ ರಬ್ಬರ್ ಹಿಂಡ್ಲಿಕ್ಕೆ ಕೂತದ್ದು?”

ವಿಷಯ ಹೇಳಿದೆ. ಅವರು ಬುಡ್ಡಿಯನ್ನು ತಿರುಗಿಸಿ ನೋಡಿದರು.

“ನಮ್ಮ ಹೋಟೆಲಲ್ಲಿ ಸಾಸಿಗೆ ಇಂಥದ್ದೇ ಉಂಟು. ಇದರ ತೂತು ಸಣ್ಣ ಆಯ್ತು ಮಾರಾಯ್ರೆ. ಮೂತಿ ಒಂಚೂರು ಕತ್ತರಿಸಿ.”

“ಒಂಚೂರು ಅಂದ್ರೆ ಎಷ್ಟು?”

“ಒಂಚೂರು ಅಂದ್ರೆ ಒಂಚೂರು. ಅದಕ್ಕೆ ಎಂತ ಅಳತೆ ಉಂಟಾ?”

ಅವರು ಹಾಲು ತರಲು ಹೋದರು. ನಾನು ಕತ್ತರಿ ತಂದೆ. ನಾನು ಒಂಚೂರೇ ಕತ್ತರಿಸಿದ್ದು. ಕತ್ತರಿ ತನ್ನ ಪಾಲಿನದನ್ನೂ ಸೇರಿಸಿ ಕತ್ತರಿಸಿತು. ಸಾಸಿವೆ ಕಾಳು ಹೋಗುವಷ್ಟಿದ್ದ ತೂತು ಅಲಸಂದೆ ಕಾಳು ಹೋಗುವಷ್ಟಾಯಿತು. ಇರಲಿ, ಬೀಗರಿಗೆ ಕೊಡುವ ಔತಣದಲ್ಲಿ ತೂತು ಧಾರಾಳವಾಗಿರುವುದೇ ಒಳ್ಳೆಯದು ಎಂದುಕೊಂಡೆ. ಪದ್ಮಾ ಮಾತ್ರ ಅಡುಗೆ ಮುಗಿಸಿ ಬಂದು ಒಮ್ಮೆ ನೋಡಿ, “ಸುಮ್ನೆ ಮಿಳ್ಳೇಲಿ ಬಡಿಸ್ರೀ, ನಿಮ್ಮ ದಮ್ಮಯ್ಯ” ಎಂದಳು. ಆದರೆ ಮಿಳ್ಳೆಗೆ ಸುರಿಯಲು ಪುರುಸೊತ್ತೆಲ್ಲಿ? ಅಷ್ಟರಲ್ಲಿ ಬೆಲ್ ಆಯಿತು.

ಆಯಿ ಬಂದರು. ಇಸ್ತ್ರಿಯ ಗೆರೆ ಮುರಿಯದ ನಸುಬಿಳಿ ರೇಷ್ಮೆ ಸೀರೆ, ದಪ್ಪ ಕನ್ನಡಕ. ನಾನು ಅರಿವಿಲ್ಲದೆ ಕೈಕಟ್ಟಿ ನಿಂತೆ. ಹಿಂದೆ ಅಮೇಯ, ಕೈಯಲ್ಲಿ ಮಿಠಾಯಿ ಡಬ್ಬಿ. ಪದ್ಮಾ ಕುಡಿಯಲು ನೀರು ಕೊಟ್ಟಳು. ಆಯಿ ಲೋಟ ಕೈಗೆ ತೆಗೆದುಕೊಂಡು, ಗಂಟಲು ಸರಿಮಾಡಿಕೊಂಡು, ಸ್ಪಷ್ಟವಾಗಿ ಹೇಳಿದರು:

“ಊಟ ಚೆನ್ನಾಗಿದೆ.”

ನಾವು ಮುಖಮುಖ ನೋಡಿಕೊಂಡೆವು. ಊಟಕ್ಕೆ ಇನ್ನೂ ಎಲೆಯನ್ನೇ ಹಾಕಿರಲಿಲ್ಲ!

“ಆಯಿಗೆ ನಾನು ಫೋನಲ್ಲಿ ಸ್ವಲ್ಪ ಕನ್ನಡ ಹೇಳ್ಕೊಟ್ಟಿದ್ದೀನಿ,” ಎಂದಳು ನಂದಿನಿ ಹೆಮ್ಮೆಯಿಂದ. “ಪರೇಲ್‌ನಿಂದ ಇಲ್ಲೀವರೆಗೂ ಲೋಕಲ್‌ನಲ್ಲಿ ಪ್ರಾಕ್ಟೀಸ್ ಮಾಡ್ಕೊಂಡು ಬಂದಿದ್ದಾರೆ.”

“ಆಪಕೇ ಘರ್ ಆಯೀ ಹೂಂ,” ಎಂದರು ಆಯಿ, ತರಗತಿಯಲ್ಲಿ ಹೇಳುವ ಹಾಗೆ. “ತೋ ಖಾನೇ ಪರ್ ಮೈ ಆಪಕೀ ಭಾಷಾ ಹೀ ಬೋಲೂಂಗೀ.”

ಊಟಕ್ಕೆ ಕೂತಾಗ ನಮ್ಮ ಭಾಷೆಯನ್ನೇ ಆಡುತ್ತಾರಂತೆ! ನನ್ನ ಎದೆ ತುಂಬಿ ಬಂತು. ನನ್ನ ಮಗಳೇ ಮನೆಯಲ್ಲಿ ಕನ್ನಡವನ್ನು ಕುಂಟಿಸಿಕೊಂಡು ಆಡುತ್ತಾಳೆ. ಈ ವಯಸ್ಸಿನಲ್ಲಿ, ಯಾರಿಗೋಸ್ಕರ ಈ ತಾಯಿ ಜನ ತುಂಬಿದ ಲೋಕಲ್‌ನಲ್ಲಿ ಕನ್ನಡ ಬಾಯಿಪಾಠ ಮಾಡಿದರು? ಇವರಿಗೆ ನನ್ನ ಕೈಯಿಂದ ತುಪ್ಪ ಕಡಿಮೆಯಾದರೆ ನಾನು ಮನುಷ್ಯನೇ ಅಲ್ಲ ಎಂದು ಅಲ್ಲೇ ಸಂಕಲ್ಪ ಮಾಡಿದೆ.

ಊಟದ ಮೇಜಿನ ಮೇಲೆ ಬಾಳೆಲೆ ಹಾಸಿತ್ತು. ಆಯಿ, ಅಮೇಯ ಕೂತರು. ಪದ್ಮಾ ಪಲ್ಯ, ಕೋಸಂಬರಿ, ಅನ್ನ, ಒಗ್ಗರಣೆ ಹಾಕಿದ ತೊವ್ವೆ ಬಡಿಸಿ ಅಡುಗೆಮನೆಗೆ ಹೋದಳು. ನಂದಿನಿ ಒಳಗೆ ಹಪ್ಪಳ ಕರಿಯುತ್ತಿದ್ದಳು. ವೇದಿಕೆ ನನ್ನದಾಯಿತು. ಎರಡು ಕೈಯಲ್ಲಿ ಬುಡ್ಡಿ ಹಿಡಿದು ಆಯಿಯ ಎಲೆಯ ಬಳಿ ಬಂದು, ಉಸಿರು ಬಿಗಿಹಿಡಿದು, ಮೆಲ್ಲಗೆ ಒತ್ತಿದೆ.

ಏನು ಹೇಳಲಿ! ಹೊಂಬಣ್ಣದ ತುಪ್ಪ ಎಳೆಯಾಗಿ ಇಳಿದು ಅನ್ನದ ನೆತ್ತಿಯ ಮೇಲೆ ಕೂತಿತು. ಒಂದು ಹನಿ ಆಚೀಚೆ ಬೀಳಲಿಲ್ಲ. ಮೇಜುಬಟ್ಟೆ ಶುಭ್ರ. ನನ್ನ ಕೈಯ ಕೆಲಸಕ್ಕೆ ನಾನೇ ಮರುಳಾದೆ. ಆಯಿ ತಲೆ ಎತ್ತಿ ನಕ್ಕು, ಮಧುರವಾಗಿ ಹೇಳಿದರು:

“ಹಾಕು.”

ಗಮನಿಸಿ, ‘ಹಾಕಿ’ ಅಲ್ಲ, ‘ಹಾಕು’. ಏಕವಚನ! ಒಡಹುಟ್ಟಿದ ಅಕ್ಕ ತಮ್ಮನಿಗೆ ಹೇಳುವ ಹಾಗೆ! ಬಂದು ಒಂದು ಗಂಟೆಯಾಗಿಲ್ಲ, ಆಗಲೇ ಎಷ್ಟು ಸಲಿಗೆ! ಸಂತೋಷದಿಂದ ಇನ್ನಷ್ಟು ಒತ್ತಿದೆ.

“ಹಾಕು, ಹಾಕು,” ಎಂದು ಆಯಿ ಎಲೆಯ ಮೇಲೆ ಕೈ ಅಡ್ಡ ಹಿಡಿದರು.

ಕೈ ಅಡ್ಡ ಹಿಡಿಯುವುದು ನಮ್ಮಲ್ಲೂ ಇದೆ. ಬಾಯಿ ಹಾಕು ಎಂದರೂ ಕೈಗೆ ಸಂಕೋಚ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವನು ಮೈಸೂರಿನವನಲ್ಲ. ಬೆರಳ ಸಂದಿನಲ್ಲಿ ಜಾಗ ನೋಡಿ ಬಡಿಸಿದೆ. ತೂತು ಅಲಸಂದೆ ಕಾಳಿನದಲ್ಲವೇ, ಈಗ ಬಂದದ್ದು ಎಳೆಯಲ್ಲ, ಧಾರೆ.

“ಹಾಕು! ಹಾಕು!” ಈ ಸಲ ದನಿ ಏರಿತು. ಕೊನೆಯ ಬೆಂಚಿನ ಹುಡುಗನಿಗೆ ಹೇಳುವ ದನಿ ಅದು. ನನಗೆ ನಿಜವಾಗಿ ಗೌರವ ಉಕ್ಕಿತು. ನಮ್ಮ ಕಡೆ ಪಂಕ್ತಿಯಲ್ಲಿ ಕೂತು ತುಪ್ಪವನ್ನು ಸಾರಿನಂತೆ ಕುಡಿಯುವ ಘಟಾನುಘಟಿಗಳನ್ನು ನೋಡಿದ್ದೇನೆ. ಅವರೆಲ್ಲ ಈ ತೆಳ್ಳನೆಯ ಹೆಂಗಸಿನ ಮುಂದೆ ಏನೇನೂ ಅಲ್ಲ! ಆಯಿ ಈಗ ಅನ್ನವನ್ನು ಗಡಿಬಿಡಿಯಿಂದ ಸುತ್ತಲೂ ಎಳೆದು ಒಡ್ಡು ಕಟ್ಟತೊಡಗಿದರು. ಓಹೋ, ತುಪ್ಪಕ್ಕೆ ಗುಳಿ ಮಾಡಿಕೊಳ್ಳುತ್ತಿದ್ದಾರೆ, ಎಂಥ ಅನುಭವಸ್ಥರು ಎಂದು ತಲೆದೂಗಿ ಗುಳಿ ತುಂಬಿಸಿದೆ. ಅಮೇಯ ಕಣ್ಣರಳಿಸಿ ನೋಡುತ್ತ ತೆಪ್ಪಗೆ ಕೂತಿದ್ದ.

ಒಡ್ಡು ಒಡೆಯಿತು. ತೊವ್ವೆಯನ್ನು ಕೂಡಿಕೊಂಡ ತುಪ್ಪ ಪಲ್ಯವನ್ನು ಮುಳುಗಿಸಿ ಕೋಸಂಬರಿಯತ್ತ ಹೊರಟಿತು. ಆಯಿ ಕನ್ನಡವನ್ನು ಕೈಬಿಟ್ಟು ಕೂಗಿದರು:

“ಪುರೇ! ಅಹೋ, ಪುರೇ!”

ಮರಾಠಿಯಲ್ಲಿ ಪುರೇ ಎಂದರೆ ಸಾಕು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಒಳಗೆ ಪದ್ಮಾಳ ಮಿಕ್ಸಿ ಗರ್ ಎನ್ನುತ್ತಿತ್ತು. ನನ್ನ ಕಿವಿಗೆ ಅದು ‘ಪುಢೇ’ ಎಂದು ಬಿತ್ತು. ಪುಢೇ ಎಂದರೆ ಮುಂದೆ. ಇಷ್ಟು ವರ್ಷ ಬಸ್ಸಿನಲ್ಲಿ ಕಂಡಕ್ಟರ್ “ಪುಢೇ ಚಲಾ, ಪುಢೇ ಚಲಾ” ಎಂದ ಕೂಡಲೇ ಹಿಂದೆಮುಂದೆ ನೋಡದೆ ಮುಂದೆ ಹೋಗಿ ಅಭ್ಯಾಸವಾದ ದೇಹ ನನ್ನದು. ಮುಂದೆ ಹೋದೆ. ಎರಡು ಕೈಯಿಂದ ಹಿಂಡಿದೆ!

“ಅಪ್ಪಾ!!”

ಹಪ್ಪಳದ ತಟ್ಟೆ ಹಿಡಿದು ನಂದಿನಿ ನಿಂತಿದ್ದಳು.

“ಅಪ್ಪಾ, ಸ್ಟಾಪ್! ಆಯಿ ಬೇಡ ಅಂತಿದ್ದಾರೆ!”

“ಇಲ್ಲಮ್ಮ, ಅವರೇ ಹಾಕು ಅಂತಿದ್ದಾರೆ. ಬೇಕಾದ್ರೆ ಕೇಳು.”

“ಸಾಕು ಅನ್ನೋಕೆ ಹಾಕು ಅಂತಿದ್ದಾರೆ! ಎರಡೂ ಮಿಕ್ಸ್ ಆಗಿದೆ ಅವರಿಗೆ!”

ಕೈ ನಿಂತಿತು. ಪರೇಲ್‌ನಲ್ಲಿ ಸರಿಯಾಗಿಯೇ ಲೋಕಲ್ ಹತ್ತಿದ ಎರಡು ಪದಗಳು ಘಾಟ್‌ಕೋಪರ್ ಹತ್ತಿರ ಎಲ್ಲೋ ಸೀಟು ಬದಲಾಯಿಸಿಕೊಂಡಿದ್ದವು. ಆಯಿ ಸಾಕು, ಸಾಕು ಎಂದು ಅಂಗಲಾಚುತ್ತಿದ್ದಾಗ ನಾನು ಬೆಂಕಿಗೆ ಸುರಿದ ಹಾಗೆ ಸುರಿದಿದ್ದೆ. ಎಲೆಯ ಅಂಚಿನಲ್ಲಿ ತುಪ್ಪ ತುಳುಕುತ್ತಿತ್ತು. ಅದರಾಚೆ ಎರಡು ಬೆರಳಿನ ದೂರದಲ್ಲಿ ನಸುಬಿಳಿ ರೇಷ್ಮೆ ಸೀರೆ.

ಇಲ್ಲಿಗೆ ನಿಲ್ಲಿಸಿದ್ದರೆ ಒಂದು ಕ್ಷಮೆಯಲ್ಲಿ ಮುಗಿಯುತ್ತಿತ್ತು. ಆದರೆ ಆ ಗಳಿಗೆಯಲ್ಲಿ ಬುಡ್ಡಿಯ ಎರಡನೆಯ ಗುಣ ನನಗೆ ಜ್ಞಾಪಕಕ್ಕೆ ಬಂತು. ಒತ್ತಿದರೆ ಕೊಡುತ್ತದೆ, ಬಿಟ್ಟರೆ ಕುಡಿಯುತ್ತದೆ!

“ಗಾಬರಿ ಬೇಡ, ಏನೂ ಆಗಿಲ್ಲ,” ಎಂದು ಬುಡ್ಡಿಯನ್ನು ಪೂರ್ತಿ ಅಮುಕಿ, ಮೂತಿಯನ್ನು ಆಯಿಯ ಎಲೆಯೊಳಗೆ ಇಳಿಸಿ, ಕೈ ಬಿಟ್ಟೆ.

ಸುರ್ರ್ರ್ರ್!

ಹೆಚ್ಚಾದ ತುಪ್ಪ ಕಣ್ಣೆದುರಿಗೇ ಮಾಯವಾಯಿತು. ನಾನು ಮುಗುಳ್ನಗುತ್ತ ತಲೆ ಎತ್ತಿದೆ. ಅಡುಗೆಮನೆಯ ಬಾಗಿಲಿಗೆ ಬಂದಿದ್ದ ಪದ್ಮಾ ಬಾಯಿಯ ಮೇಲೆ ಕೈ ಇಟ್ಟುಕೊಂಡಿದ್ದಳು. ಆಗ ನನಗೆ ಹೊಳೆಯಿತು: ಬಡಿಸಿದ್ದನ್ನು ವಾಪಸು ತೆಗೆದುಕೊಂಡಿದ್ದೆ. ಅದೂ ಕೈಯಾಡಿಸಿದ ಎಂಜಲೆಲೆಯಿಂದ. ಅದೂ ಮಗಳಿಗೆ ಅತ್ತೆಯಾಗಬೇಕಾದವರ ಎಲೆಯಿಂದ. ನಮ್ಮ ವಂಶದಲ್ಲಿ ಜಿಪುಣರು ಬೇಕಾದಷ್ಟು ಆಗಿಹೋಗಿದ್ದಾರೆ. ಈ ಮಟ್ಟ ಯಾರೂ ಮುಟ್ಟಿರಲಿಲ್ಲ.

ಬುಡ್ಡಿ ತುಪ್ಪದ ಜೊತೆಗೆ ತೊವ್ವೆಯನ್ನೂ ಕುಡಿದಿತ್ತು. ಮೂತಿಗೆ ಒಂದು ಕರಿಬೇವಿನ ಎಲೆ ಅಡ್ಡ ಸಿಕ್ಕಿಕೊಂಡಿತ್ತು. ಏನಾದರೊಂದು ಮಾಡಬೇಕಿತ್ತು, ಆ ಎಲೆಯನ್ನು ಬಿಡಿಸೋಣವೆಂದು ಒತ್ತಿದೆ. ಬರಲಿಲ್ಲ. ಇನ್ನೂ ಒತ್ತಿದೆ. ಮೂತಿ ಯಾವ ಕಡೆ ತಿರುಗಿದೆ ಎಂಬುದನ್ನು ನಾನು ಗಮನಿಸಿರಲಿಲ್ಲ.

ಅದು ಬಂದ ರಭಸವನ್ನು ಈಗ ನೆನೆದರೂ ನನಗೆ ಆಶ್ಚರ್ಯವಾಗುತ್ತದೆ. ಇಷ್ಟು ಮೆತ್ತಗಿನ ವಸ್ತುವಿನೊಳಗೆ ಇಷ್ಟು ಶಕ್ತಿ ಎಲ್ಲಿಂದ ಬಂತು? ತುಪ್ಪ, ತೊವ್ವೆ, ಸಾಸಿವೆ ಒಂದೇ ಧಾರೆಯಾಗಿ ಹೊರಟು ಆಯಿಯ ಭುಜದಿಂದ ಮಡಿಲಿನವರೆಗೆ ಬಿತ್ತು. ಕರಿಬೇವಿನ ಎಲೆ ಮಾತ್ರ ಬೇರೆ ದಾರಿ ಹಿಡಿದು ಅವರ ಕನ್ನಡಕದ ಬಲಗಾಜಿಗೆ ಅಂಟಿಕೊಂಡಿತು. ಇನ್ನೊಂದು ಗಾಜಿನಿಂದ ಅವರು ನನ್ನನ್ನು ನೋಡಿದರು.

ಮಿಕ್ಸಿ ನಿಂತಿತ್ತು. ಪದ್ಮಾ ಬಂದು ಆಯಿಯ ಕೈ ಹಿಡಿದು ಎಬ್ಬಿಸಿ ಒಳಕೋಣೆಗೆ ಕರೆದುಕೊಂಡು ಹೋದಳು. ನಂದಿನಿ ತಟ್ಟೆಯನ್ನು ಮೇಜಿನ ಮೇಲಿಟ್ಟು ಅವರ ಹಿಂದೆ ಹೋದಳು. ಹೋಗುವಾಗ ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನೋಡದೆ ಹೋದದ್ದಕ್ಕೆ ನನಗೆ ತುಂಬ ನೋವಾಯಿತು. ಅವಳು ನನ್ನಿಂದ ಕೇಳಿದ್ದು ಒಂದೇ, ಏನೂ ಮಾಡಬೇಡ ಎಂದು. ಅದೊಂದನ್ನೂ ನನ್ನಿಂದ ಮಾಡಲಾಗಲಿಲ್ಲವಲ್ಲ! ಮಗಳ ಮದುವೆಯನ್ನು ಮುರಿಯಲು ಜನ ಜಾತಕ ತರುತ್ತಾರೆ, ಚಾಡಿ ಹೇಳುತ್ತಾರೆ. ನಾನು ಅಪ್ಪನಾಗಿ ತುಪ್ಪದಲ್ಲೇ ಮುಗಿಸಿದ್ದೆ.

ಹಾಲ್‌ನಲ್ಲಿ ನಾನೂ ಅಮೇಯನೂ ಉಳಿದೆವು. ನನ್ನ ಕೈಯಲ್ಲಿ ಇನ್ನೂ ಬುಡ್ಡಿ ಇತ್ತು. ಅದು ಪುಸ್ ಪುಸ್ ಎಂದು ಉಸಿರಾಡುತ್ತಿತ್ತು.

“ಮುಝೇ ಲಗಾ,” ಎಂದ ಅಮೇಯ ಮೆಲ್ಲಗೆ, “ಯೇ ಆಪಕೇ ಯಹಾಂ ಕಾ ಕೋಯೀ ರಿವಾಜ್ ಹೈ, ಅಂಕಲ್. ಇಸಲಿಯೇ ಚುಪ್ ಬೈಠಾ.”

“ಸೀರೆಯ ಮೇಲೆ ಹಾಕಿದ್ದೂ ನಮ್ಮ ಸಂಪ್ರದಾಯ ಅಂದುಕೊಂಡೆಯಾ?” ಎಂದು ಹಿಂದಿಯಲ್ಲೇ ಕೇಳಿದೆ.

“ವೋ ಥೋಡಾ ಜ್ಯಾದಾ ಲಗಾ.”

ಒಳಗಿನಿಂದ ನೀರಿನ ಸದ್ದು ಕೇಳಿಸಿತು. ಆಮೇಲೆ ಪಿಸುಮಾತು. ಆಮೇಲೆ, ನಂಬುತ್ತೀರಾ, ನಗು! ಮೊದಲು ಪದ್ಮಾಳದು, ಅದರ ಮೇಲೆ ಇನ್ನೊಂದು, ನನಗೆ ಪರಿಚಯವಿಲ್ಲದ, ದೊಡ್ಡ ಗಂಟಲಿನ ನಗು. ಬಾಗಿಲು ತೆರೆಯಿತು. ಆಯಿ ಪದ್ಮಾಳ ಹಸಿರು ಕಾಟನ್ ಸೀರೆಯಲ್ಲಿ ಹೊರಗೆ ಬಂದರು. ಹೊಸ ಎಲೆ ಹಾಕಿಸಿಕೊಂಡರು. ಪದ್ಮಾ ಬಡಿಸಿದಳು, ಅವರು ನೆಮ್ಮದಿಯಾಗಿ ಉಂಡರು. ಪಾಯಸವಾದ ಮೇಲೆ ಕೈ ತೊಳೆದು ಬಂದು, ನನ್ನನ್ನು ಎದುರಿಗೆ ಕೂರಿಸಿಕೊಂಡು, ನಿಶ್ಚಿತಾರ್ಥವನ್ನು ಪರೇಲ್‌ನಲ್ಲೇ ಮಾಡೋಣ, ಒಳ್ಳೆಯ ದಿನ ನೋಡಿ ಎಂದು ಹಿಂದಿಯಲ್ಲಿ ಹೇಳಿದರು. ಕೈಮುಗಿದೆ. ನಂದಿನಿ ಅವರಿಬ್ಬರನ್ನೂ ಸ್ಟೇಷನ್ನಿಗೆ ಬಿಟ್ಟು ಬರಲು ಹೋದಳು.

ಬಾಗಿಲು ಹಾಕಿದ್ದೇ ತಡ, ನನ್ನ ಎದೆ ಒಂದಿಷ್ಟು ಉಬ್ಬಿತು. ಪದ್ಮಾ ಮೇಜಿನ ಕಾಲುಗಳನ್ನು ಸೋಪು ನೀರಿನಲ್ಲಿ ಒರೆಸುತ್ತಿದ್ದಳು.

“ನೋಡಿದ್ಯಾ? ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತು! ಏನೇ ಹೇಳು, ಧಾರಾಳವಾಗಿ ಬಡಿಸಿದ್ದು ಅವರ ಮನಸ್ಸಿಗೆ ತಟ್ಟಿದೆ. ದೊಡ್ಡ ಮನಸ್ಸಿನ ಮನೆ ಅಂತ ಅನ್ನಿಸಿರಬೇಕು. ಅದಕ್ಕೇ ಒಪ್ಪಿದ್ದು.”

ಪದ್ಮಾ ಒರೆಸುವುದನ್ನು ನಿಲ್ಲಿಸಿದಳು.

“ಅವರು ಮನೆಯಿಂದ ಹೊರಡೋವಾಗಲೇ ಒಪ್ಪಿದ್ರಂತೆ ಕಣ್ರೀ. ಹೇಳೋಕೇ ಅಂತ ಮಿಠಾಯಿ ತಂದಿದ್ದು.”

“ಹಾಗಾದ್ರೆ ನನ್ನ ತುಪ್ಪ?”

“ನಿಮ್ಮ ತುಪ್ಪ ಬಿದ್ದ ಮೇಲೆ ಒಪ್ಪಿಗೆ ವಾಪಸು ತಗೊಂಡ್ರು! ಒಳಗೆ ನನ್ನ ಕೇಳಿದ್ದೇನು ಗೊತ್ತಾ? ‘ಈ ಸ್ವಭಾವ ವಂಶದಲ್ಲಿ ಬರೋದಾ’ ಅಂತ. ನಂದಿನಿ ದೇವರ ಮುಂದೆ ನಿಂತು, ತಾನು ಪೂರ್ತಿ ಅಮ್ಮನ ಥರ, ಅಪ್ಪನ ಒಂದು ಗುಣಾನೂ ಬಂದಿಲ್ಲ ಅಂತ ಆಣೆ ಇಟ್ಟಳು. ಆಮೇಲೆ ಮತ್ತೆ ಒಪ್ಪಿದ್ರು.”

“ಆಣೆ ಇಟ್ಟಳಾ?”

“ಕರ್ಪೂರ ಹಚ್ಚಿ.”

ನಾನು ಸೋಫಾದ ಮೂಲೆಯಲ್ಲಿ ಕೂತೆ. ಮಗಳ ಮದುವೆ ಗಟ್ಟಿಯಾಯಿತೆಂದು ಸಂತೋಷಪಡಲೇ, ಅದಕ್ಕಾಗಿ ನನ್ನನ್ನು ಕರ್ಪೂರ ಹಚ್ಚಿ ಕೈಬಿಟ್ಟರೆಂದು ಅಳಲೇ? ಎರಡೂ ತಿಳಿಯದೆ ಕೂತಿದ್ದಾಗ ನಂದಿನಿ ಬಂದಳು. ಅಮ್ಮ ಬಾಲ್ಕನಿಯಲ್ಲಿ ಆಯಿಯ ಸೀರೆ ಒಣಹಾಕುತ್ತಿರುವುದನ್ನು ನೋಡಿಕೊಂಡು, ಮೆಲ್ಲಗೆ ನನ್ನ ಪಕ್ಕ ಕೂತಳು.

“ಅಪ್ಪಾ, ಒಂದು ಮಾತು. ಅಮ್ಮಂಗೆ ಹೇಳ್ಬೇಡ ಹಾಂ.”

“ಹೇಳು.”

“ಆಯಿಗೆ ಏನೂ ಮಿಕ್ಸ್ ಆಗಿರ್ಲಿಲ್ಲ. ನಾನೇ ಫೋನಲ್ಲಿ ಗಡಿಬಿಡೀಲಿ ಉಲ್ಟಾ ಹೇಳ್ಕೊಟ್ಟಿದ್ದೆ. ಬಸ್ ಅನ್ನೋಕೆ ಹಾಕು, ಔರ್ ಚಾಹಿಯೇ ಅನ್ನೋಕೆ ಸಾಕು. ಸ್ಟೇಷನ್ ಹತ್ರ ಆಯಿ ಕೇಳಿದ್ರು, ‘ನೀನು ಹೇಳಿದ್ದು ಇದೇ ಅಲ್ವಾ’ ಅಂತ.”

“ನೀನೇನಂದೆ?”

“ಇಲ್ಲ ಆಯಿ, ನೀವೇ ಮರ್ತಿದ್ದೀರ ಅಂದೆ.”

ನಾನು ಅವಳ ಮುಖವನ್ನೇ ನೋಡಿದೆ. ತಪ್ಪು ಹೇಳಿಕೊಟ್ಟದ್ದು, ಅದನ್ನು ಹೆಮ್ಮೆಯಿಂದ ಹೇಳಿಕೊಂಡದ್ದು, ಸಿಕ್ಕಿಬಿದ್ದಾಗ ಇನ್ನೂ ಒಂದು ಹೆಜ್ಜೆ ಮುಂದೆ ಹೋದದ್ದು! ನನ್ನ ಕಣ್ಣು ತುಂಬಿ ಬಂತು. ಅವಳ ತಲೆಯ ಮೇಲೆ ಕೈಯಿಟ್ಟು, ಹೃದಯ ತುಂಬಿ ಹೇಳಿದೆ:

“ಚಿನ್ನದಂಥ ಮಗಳೇ! ನೀನು ಥೇಟ್ ಅಪ್ಪನೇ ಕಣೆ!”

ನಂದಿನಿ ದಿಗಿಲುಬಿದ್ದು ಎದ್ದು ನಿಂತಳು. ಬಾಲ್ಕನಿಯ ಕಡೆ ನೋಡಿದಳು, ಮುಂಬಾಗಿಲ ಕಡೆ ನೋಡಿದಳು, ಓಡಿಹೋಗಿ ಚಿಲಕ ಹಾಕಿ ಬಂದಳು.

“ಪ್ಲೀಸ್ ಅಪ್ಪಾ! ಮದುವೆ ಆಗೋವರೆಗಾದ್ರೂ ಹೀಗೆಲ್ಲ ಜೋರಾಗಿ ಅನ್ಬೇಡ!”